ಸಣ್ಣ ಸ್ವರದ ಕನ್ನಡ

ನನ್ನ ಸ್ವರ ಹುಟ್ಟಿನಿಂದಲೇ ದೊಡ್ಡದು. ಕಾರ್ಕಳದ ನಮ್ಮ ಮನೆಯ ಜಗಲಿಯಲ್ಲಿ ನಿಂತು ನಾನು ಮಾಮೂಲಿಯಾಗಿ ಮಾತಾಡಿದರೂ ಗದ್ದೆಯ ಆಚೆ ಬದಿಯವರು ಜಗಳವಾಗುತ್ತಿದೆ ಎಂದುಕೊಂಡು ಇಣುಕುತ್ತಿದ್ದರು. ನಮ್ಮ ಕ್ರೈಸ್ತರ ಇಗರ್ಜಿಯಲ್ಲಿ ಹಾಡುವಾಗ ನನ್ನನ್ನು ಯಾವಾಗಲೂ ಹಿಂದಿನ ಸಾಲಿಗೆ ತಳ್ಳುತ್ತಿದ್ದರು, ಮುಂದೆ ನಿಂತರೆ ಉಳಿದವರು ಹಾಡಿದ್ದು ದೇವರಿಗೂ ಕೇಳಿಸುವುದಿಲ್ಲವೆಂದು. ಶಾಲೆಯಲ್ಲಿ ಕೆಲಸ ಸಿಕ್ಕಿದ ದಿನ ಅಮ್ಮ ಕೊಂಕಣಿಯಲ್ಲಿ ಹೇಳಿದ್ದು ಇಷ್ಟೇ: "ಅಂತೂ ನಿನ್ನ ಬೊಬ್ಬೆಗೆ ಸಂಬಳ ಕೊಡುವವರು ಸಿಕ್ಕಿದರಲ್ಲ."

ಕೆಲಸ ಸಿಕ್ಕಿದ್ದು ಕಾಪುವಿನಲ್ಲಿ, ಕಡಲಿನಿಂದ ಹೆಚ್ಚು ದೂರವಿಲ್ಲದ ಒಂದು ಅನುದಾನಿತ ಪ್ರಾಥಮಿಕ ಶಾಲೆಯಲ್ಲಿ. ಎಪ್ಪತ್ತರ ದಶಕದ ನಡುವಿನ ಮಾತು. ಉದ್ದದ ಒಂದೇ ಹಾಲು, ನಡುನಡುವೆ ಬಿದಿರಿನ ತಟ್ಟಿ ನಿಲ್ಲಿಸಿ ಅದನ್ನೇ ನಾಲ್ಕು ಕ್ಲಾಸು ಮಾಡಿದ್ದರು. ತಟ್ಟಿಯ ಆಚೆ ಮಗ್ಗಿ ಹೇಳುತ್ತಿದ್ದರೆ ಈಚೆ ಪದ್ಯ, ಅದರಾಚೆ ಲೆಕ್ಕ. ಅಲ್ಲಿ ಯಾರ ಸ್ವರ ದೊಡ್ಡದೋ ಅವರ ಪಾಠ ನಡೆಯುತ್ತಿತ್ತು. ನನ್ನ ಪಾಠ ಚೆನ್ನಾಗಿ ನಡೆಯುತ್ತಿತ್ತು. ನಾಲ್ಕನೇ ಕ್ಲಾಸಿಗೆ ನಾನು ಪಾಠ ಮಾಡಿದರೆ ಮೂರನೆಯವರೂ ಕಲಿಯುತ್ತಾರೆ ಎಂದು ಹೆಡ್‌ಮಾಸ್ಟ್ರು ತಮಾಷೆ ಮಾಡುತ್ತಿದ್ದರು. ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು, ಇರಲಿ.

ಕೆಲವು ವರ್ಷ ಹೀಗೆ ಕಿರುಚಿದ ಮೇಲೆ ಸ್ವರ ಒಡೆಯತೊಡಗಿತು. ಮೊದಮೊದಲು ಸಂಜೆ ಹೊತ್ತಿಗೆ, ಆಮೇಲೆ ಮಧ್ಯಾಹ್ನಕ್ಕೆ, ಕೊನೆಗೆ ಬೆಳಗಿನ ಪ್ರಾರ್ಥನೆಯಲ್ಲೇ. ಕಾಳುಮೆಣಸಿನ ಕಷಾಯ ಕುಡಿದೆ, ಜ್ಯೇಷ್ಠಮಧು ಜಗಿದೆ, ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದೆ. ಒಂದು ದಿನ ಪದ್ಯ ಹೇಳಿಸುವಾಗ ಕೆಮ್ಮು ಬಂದು ಕರವಸ್ತ್ರದಲ್ಲಿ ಒಂದೆಳೆ ನೆತ್ತರು ಕಂಡಿತು. ಅದನ್ನು ಹೆಡ್‌ಮಾಸ್ಟ್ರು ನೋಡಿಬಿಟ್ಟರು. ಪಾಪದ ಮನುಷ್ಯ, ನನಗಿಂತ ಹೆಚ್ಚು ಹೆದರಿದ್ದು ಅವರು. ಮರುದಿನವೇ ನನ್ನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು.

ಗಂಟಲಿನ ಡಾಕ್ಟರು ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು, ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಉದ್ದ ಕಡ್ಡಿಯ ಪುಟ್ಟ ಕನ್ನಡಿಯನ್ನು ಒಳಗೆ ಇಳಿಸಿ ನೋಡಿದರು. ಸ್ವರದ ತಂತುವಿನ ಮೇಲೆ ಹೆಸರುಬೇಳೆಯಷ್ಟು ದೊಡ್ಡ ಗುಳ್ಳೆ ಎದ್ದಿತ್ತು. ಕ್ಯಾನ್ಸರಲ್ಲ, ಕ್ಷಯವಲ್ಲ, ಬರೇ ಬೊಬ್ಬೆಯ ಫಲ. ತೆಗೆಯಬೇಕು ಎಂದರು. ತೆಗೆದರು. ಆಮೇಲೆ ಹೆಡ್‌ಮಾಸ್ಟ್ರನ್ನೂ ನನ್ನನ್ನೂ ಎದುರು ಕೂರಿಸಿಕೊಂಡು ವಿವರಿಸಿದರು: ಬೇಸಿಗೆಯ ದೊಡ್ಡ ರಜೆ ಮುಗಿಯುವ ತನಕ ಬಾಯಿ ಪೂರ್ತಿ ಬಂದ್. ಆಮೇಲೆ ಒಂದು ವರ್ಷ ಸಣ್ಣ ಸ್ವರ. ಪಿಸುಗುಟ್ಟುವುದೂ ಕೂಡದು, ಅದು ಕೂಗುವುದಕ್ಕಿಂತ ಕೆಟ್ಟದು. ಎದುರು ಕೂತವರಿಗೆ ಕೇಳಿಸುವಷ್ಟು ಮೆಲ್ಲಗೆ, ಅಷ್ಟೇ.

"ಹಾಗಾದ್ರೆ ಕೆಲಸ ಬಿಡ್ಬೇಕಾ?" ಎಂದು ನಾನು ಚೀಟಿಯಲ್ಲಿ ಬರೆದು ಕೇಳಿದೆ. ಅಪ್ಪ ಇರಲಿಲ್ಲ, ತಮ್ಮಂದಿರು ಓದುತ್ತಿದ್ದರು, ಕಾರ್ಕಳದ ಆ ಮನೆ ನಡೆಯುತ್ತಿದ್ದುದು ನನ್ನ ಬೊಬ್ಬೆಯಿಂದ.

"ಕೆಲಸ ಯಾಕೆ ಬಿಡ್ಬೇಕು? ಬೊಬ್ಬೆ ಬಿಡಿ," ಎಂದರು ಡಾಕ್ಟರು. ಮತ್ತೆ ಹೆಡ್‌ಮಾಸ್ಟ್ರ ಕಡೆ ತಿರುಗಿ, "ಇವರು ಬೊಬ್ಬೆ ಹೊಡೆಯದೆ ಪಾಠ ಮಾಡುವ ಹಾಗೆ ವ್ಯವಸ್ಥೆ ಮಾಡ್ಲಿಕ್ಕೆ ಆಗ್ತದಾ ನಿಮ್ಮಿಂದ? ಅದು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲುಂಟು," ಎಂದರು.

ಹೆಡ್‌ಮಾಸ್ಟ್ರು, "ಆಗ್ತದೆ ಡಾಕ್ಟ್ರೇ," ಎಂದರು. ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ ಎಂದು ನನಗೆ ಅವರ ಮುಖ ನೋಡಿಯೇ ತಿಳಿಯಿತು.

ಆದರೆ ಮಾಡಿಯೇ ಮಾಡಿದರು. ನಮ್ಮ ಶಾಲೆಯನ್ನು ನಡೆಸುತ್ತಿದ್ದ ಸಂಚಾಲಕರ ಉಡುಪಿಯ ಮನೆಗೆ ನಾಲ್ಕೈದು ಸಲ ಹೋಗಿ ಕೂತು ನನ್ನ ಹುದ್ದೆಗೆ ಬೇರೆಯವರನ್ನು ತೆಗೆದುಕೊಳ್ಳದಂತೆ ನೋಡಿಕೊಂಡರು. ಸಂಚಾಲಕರೂ ದೊಡ್ಡ ಮನಸ್ಸಿನವರೇ. ಆ ವರ್ಷ ಒಂದನೇ ಕ್ಲಾಸಿನ ಟೀಚರು ನಿವೃತ್ತರಾಗಿದ್ದರು. ಸಣ್ಣ ಮಕ್ಕಳು, ಕಡಿಮೆ ಸಂಖ್ಯೆ, ಹತ್ತಿರ ಕೂರಿಸಿಕೊಂಡರೆ ಸಾಕು ಎಂದು ನನಗೆ ಒಂದನೆಯದನ್ನು ಕೊಟ್ಟರು. ಹಾಲಿನಿಂದ ಬೇರೆಯಾಗಿ, ಬಾವಿಯ ಆಚೆ, ಮೊದಲು ಕಟ್ಟಿಗೆ ತುಂಬಿಸುತ್ತಿದ್ದ ಕೋಣೆಯನ್ನು ಗುಡಿಸಿ ಸುಣ್ಣ ಬಳಿಸಿ ನನ್ನ ಕ್ಲಾಸು ಮಾಡಿದರು. ಮಕ್ಕಳನ್ನು ಸುಮ್ಮನಿರಿಸಲು ಒಂದು ಕೈಗಂಟೆ ತಂದುಕೊಟ್ಟರು. ನನ್ನ ಹಳೆಯ ನಾಲ್ಕನೇ ಕ್ಲಾಸನ್ನು ಮೂರನೇ ಕ್ಲಾಸಿನ ಟೀಚರು ತನ್ನ ಮಕ್ಕಳ ಜೊತೆಗೇ ಸೇರಿಸಿಕೊಂಡರು. ಬೆಳಗಿನ ಪ್ರಾರ್ಥನೆ, ಡ್ರಿಲ್ಲು, ಸಂಜೆಯ ಮಗ್ಗಿ, ಎಲ್ಲವೂ ಅವರ ತಲೆ ಮೇಲೆ. ಸಂಜೆ ಹೊತ್ತಿಗೆ ಅವರ ಮುಖ ಬಾಡಿರುತ್ತಿತ್ತು. ನಾನು ಕೈಸನ್ನೆಯಲ್ಲಿ ಏನಾದರೂ ಹೇಳಹೋದರೆ, "ನೀವು ಸುಮ್ಮನಿರಿ ಮಾರಾಯ್ತಿ, ನನಗೆ ಎಂತ ಆಗುದಿಲ್ಲ," ಎನ್ನುತ್ತಿದ್ದರು.

ಉಪಕಾರ ಮಾಡುವವರ ಮೇಲೆ ಸಿಟ್ಟು ಬರುವುದುಂಟು ಎಂದು ನನಗೆ ಗೊತ್ತಾದದ್ದು ಆಗ. ಎಲ್ಲರೂ ನನಗಾಗಿ ದುಡಿಯುತ್ತಿದ್ದಾರೆ, ನಾನು ರಾಣಿಯ ಹಾಗೆ ಗಂಟೆ ಅಲ್ಲಾಡಿಸುತ್ತ ಕೂತಿದ್ದೇನೆ. ಯಾರಾದರೂ ಒಮ್ಮೆ ಬೈದುಬಿಟ್ಟಿದ್ದರೆ ಊಟ ಸರಿಯಾಗಿ ಸೇರುತ್ತಿತ್ತು. ಬೈಯಲಿಲ್ಲ, ಏನು ಮಾಡುವುದು. ವಾರದ ಕೊನೆಗೆ ಕಾರ್ಕಳಕ್ಕೆ ಹೋದರೆ ಅಮ್ಮನೂ ಹಾಗೆಯೇ. ನಾನು ಬಾಯಿ ತೆರೆಯುವ ಮೊದಲೇ ಬೇಕಾದದ್ದು ಎದುರಿಗೆ ಬರುತ್ತಿತ್ತು.

ಶಾಲೆ ಶುರುವಾದ ದಿನ ಹೆಡ್‌ಮಾಸ್ಟ್ರು ನನ್ನ ಕ್ಲಾಸಿಗೆ ಬಂದು ಮಕ್ಕಳ ಎದುರು ಕುಕ್ಕರಗಾಲಲ್ಲಿ ಕೂತು ತುಳುವಿನಲ್ಲಿ ಮಾತಾಡಿದರು. ನಮ್ಮಲ್ಲಿ ಮಕ್ಕಳು ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡುತ್ತವೆ. ಕನ್ನಡ ಎಂಬುದನ್ನು ಹೆಚ್ಚಿನವು ಮೊದಲು ಬಾಯಲ್ಲಿ ಇಟ್ಟುಕೊಳ್ಳುವುದು ಒಂದನೇ ಕ್ಲಾಸಿನ ಟೀಚರ ಎದುರಿಗೇ. ಹೆಡ್‌ಮಾಸ್ಟ್ರು ಹೇಳಿದ್ದು ಇಷ್ಟು: "ನಿಮ್ಮ ಟೀಚರ ಗಂಟಲು ಕೊಯ್ದಿದ್ದಾರೆ. ನೀವು ಕನ್ನಡ ಗಟ್ಟಿಯಾಗಿ ಹೇಳಿದರೆ ಟೀಚರೂ ಗಟ್ಟಿಯಾಗಿ ಹೇಳಬೇಕಾಗ್ತದೆ. ಆಗ ಗಂಟಲು ಹರಿದು ನೆತ್ತರು ಬರ್ತದೆ. ಗೊತ್ತಾಯ್ತಾ?"

ಮಕ್ಕಳು ಕಣ್ಣರಳಿಸಿ ನನ್ನ ಗಂಟಲನ್ನೇ ನೋಡಿದವು. ಹರಿಯುವುದೂ ಇಲ್ಲ, ನೆತ್ತರು ಬರುವುದೂ ಇಲ್ಲ, ಇವರು ಯಾಕೆ ಇಷ್ಟು ಹೆದರಿಸುತ್ತಾರೆ ಎಂದು ನನಗೆ ಕಿರಿಕಿರಿಯಾಯಿತು. ಆದರೆ ಅವರು ಹೋದ ಮೇಲೆ ಕೋಣೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ, ಸರಿಪಡಿಸಲು ನನಗೆ ಮನಸ್ಸಾಗಲಿಲ್ಲ. ಹೇಗೂ ಒಳ್ಳೆಯದಕ್ಕೇ ಹೇಳಿದ್ದಲ್ಲವೇ ಎಂದುಕೊಂಡೆ.

ನನ್ನ ಮಾತಿಗೆ ರೇಷನ್ ಇತ್ತು. ಇಂಥಾ ಹೊತ್ತಿನಿಂದ ಇಂಥಾ ಹೊತ್ತಿನವರೆಗೆ ಮಾತಾಡಬಹುದು, ನಡುವೆ ಗಂಟಲಿಗೆ ವಿಶ್ರಾಂತಿ ಕೊಡಬೇಕು. ಹಾಗಾಗಿ ಉಳಿದ ಟೀಚರುಗಳ ಹಾಗೆ ಅರ್ಧ ತುಳು ಅರ್ಧ ಕನ್ನಡದಲ್ಲಿ ಹರಟುವ ಹಾಗಿರಲಿಲ್ಲ. ಇದ್ದ ಮಾತನ್ನೆಲ್ಲ ಪಾಠಕ್ಕೇ, ಅಂದರೆ ಕನ್ನಡಕ್ಕೇ ಖರ್ಚು ಮಾಡಿದೆ. ಮಕ್ಕಳನ್ನು ನನ್ನ ಸುತ್ತ ಅರ್ಧಚಂದ್ರದ ಹಾಗೆ ಕೂರಿಸಿಕೊಂಡು ಸಣ್ಣ ಸ್ವರದಲ್ಲಿ ಹೇಳುತ್ತಿದ್ದೆ: ಇದು ಮರ. ಇದು ಮನೆ. ಅವು ನನಗಿಂತಲೂ ಸಣ್ಣ ಸ್ವರದಲ್ಲಿ ಹೇಳುತ್ತಿದ್ದವು: ಇದು ಮರ. ಇದು ಮನೆ. ಕೆಲವರದ್ದು ತುಟಿ ಮಾತ್ರ ಅಲ್ಲಾಡುತ್ತಿತ್ತು. ಗಂಟೆ ಹೊಡೆದು ಆಟಕ್ಕೆ ಬಿಟ್ಟ ಕೂಡಲೇ ಅದೇ ಮಕ್ಕಳು ತುಳುವಿನಲ್ಲಿ ಕಿವಿ ಕಿತ್ತುಹೋಗುವ ಹಾಗೆ ಬೊಬ್ಬೆ ಹೊಡೆಯುತ್ತಿದ್ದವು. ನನಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಆಟ ಆಟ, ಪಾಠ ಪಾಠ.

ಮಳೆ ಕಡಿಮೆಯಾದ ಮೇಲೆ ಉಡುಪಿಯಿಂದ ಶಾಲೆಗಳ ಇನ್‌ಸ್ಪೆಕ್ಟರು ಬಂದರು. ಹಾಲಿನಲ್ಲಿ ಮೂರು ಕ್ಲಾಸಿನ ಗಲಾಟೆ ಕೇಳಿ ತಲೆ ಚಿಟ್ಟು ಹಿಡಿದು ನನ್ನ ಕೋಣೆಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತುಬಿಟ್ಟರು. ಒಂದೊಂದು ಮಗುವಿನ ಹತ್ತಿರವೂ ಬಗ್ಗಿ, ಕಿವಿಗೆ ಕೈ ಇಟ್ಟು ಉತ್ತರ ಕೇಳಿಸಿಕೊಂಡರು. ಎಲ್ಲ ಸರಿಯುತ್ತರವೇ. "ಇಂಥ ಶಿಸ್ತಿನ ಕ್ಲಾಸನ್ನು ನಾನು ಈ ತಾಲೂಕಿನಲ್ಲಿ ನೋಡಿಲ್ಲ," ಎಂದರು. ಹೆಡ್‌ಮಾಸ್ಟ್ರ ಎದೆ ಉಬ್ಬಿತು. ನನ್ನದೂ ಉಬ್ಬಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಆ ಶನಿವಾರ ಕಾರ್ಕಳಕ್ಕೆ ಹೋಗಿ ಅಮ್ಮನಿಗೆ ಅದನ್ನು ಎರಡೆರಡು ಸಲ ಹೇಳಿದೆ, ಸಣ್ಣ ಸ್ವರದಲ್ಲಿ.

ಆಮೇಲಿನ ಸೋಮವಾರ ನನ್ನ ಕ್ಲಾಸಿನ ಒಬ್ಬ ಹುಡುಗಿಯ ತಾಯಿ ಬಂದಳು. ಮೀನು ಮಾರುವ ಹೆಂಗಸು. ಬುಟ್ಟಿಯನ್ನು ಶಾಲೆಯ ಹೊರಗೆ ಗೋಡೆಯ ಬುಡದಲ್ಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬಾಗಿಲ ಹೊರಗೇ ನಿಂತಳು. ಮಗಳು ಪಕ್ಕದಲ್ಲಿ. ಆ ಹುಡುಗಿ ನನ್ನ ಕ್ಲಾಸಿನಲ್ಲೇ ಅತಿ ಸಣ್ಣ ಸ್ವರದವಳು. ಬಳಪವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು, ಯಾವಾಗಲೂ ನನ್ನ ಕುರ್ಚಿಯ ಕಾಲಿಗೆ ಒರಗಿಯೇ ಕೂರುತ್ತಿದ್ದಳು.

"ಟೀಚರೇ, ಸಿಟ್ಟು ಮಾಡ್ಬೇಡಿ," ಎಂದು ತಾಯಿ ಶುರು ಮಾಡಿದಳು. ಅವಳು ಹೇಳಿದ್ದು ತುಳುವಿನಲ್ಲಿ. "ನಿಮ್ಮ ರೋಗ ನನ್ನ ಮಗಳಿಗೆ ಬಂದಿದೆ."

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಹಿಂದಿನ ದಿನ, ಭಾನುವಾರ, ಮಗಳನ್ನು ಕರೆದುಕೊಂಡು ಉಡುಪಿಗೆ ಹೋಗಿದ್ದಳು. ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಕೈ ತಪ್ಪಿತು. ತಾಯಿ ಒಂದು ಕಡೆ, ಮಗಳು ಒಂದು ಕಡೆ. ಹುಡುಗಿಯನ್ನು ಕಂಡದ್ದು ಒಬ್ಬ ಪೊಲೀಸ್. ಘಟ್ಟದ ಮೇಲಿನವನು, ತುಳು ಬಾರದವನು. ಅವನು ಕನ್ನಡದಲ್ಲಿ ಕೇಳಿದ: ಯಾವ ಊರು, ಯಾರ ಮಗಳು. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರಿಸಬೇಕೆಂದು ಶಾಲೆಯಲ್ಲಿ ಕಲಿತ ಹುಡುಗಿ ಬಾಯಿ ಅಲ್ಲಾಡಿಸಿದಳು, ಸ್ವರ ಬರಲಿಲ್ಲ. ಬಸ್ಸುಗಳ ಆ ಗದ್ದಲದಲ್ಲಿ ಅವನಿಗೆ ಏನು ಕೇಳಿಸಬೇಕು. ಮೂಗಿ ಎಂದುಕೊಂಡು ಸ್ಟೇಷನ್ನಿಗೆ ಕರೆದುಕೊಂಡು ಹೋದ. ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಎದೆ ಬಡಿದುಕೊಂಡು ಹುಡುಕಿದಳು. ಕತ್ತಲಾಗುವ ಹೊತ್ತಿಗೆ ಯಾರೋ ಹೇಳಿ ಸ್ಟೇಷನ್ನಿಗೆ ಓಡಿದಾಗ ಮಗಳು ಬೆಂಚಿನ ಮೇಲೆ ಕೂತಿದ್ದಳು, ಅತ್ತಿರಲೂ ಇಲ್ಲ.

"ಅವಳಿಗೆ ಕನ್ನಡ ಬರ್ತದೆ ಟೀಚರೇ, ನೀವೇ ಕಲಿಸಿದ್ದು. ಮನೆಯಲ್ಲಿ ಪಾಠ ಓದು ಅಂದ್ರೂ ಹೀಗೆಯೇ, ಸ್ವರವೇ ಇಲ್ಲ. ಹತ್ತಿರದ ಮನೆಯವರೂ ಹೇಳ್ತಾರೆ, ಅವರ ಮಕ್ಕಳೂ ಹಾಗೆಯೇ ಅಂತೆ. ನಿಮ್ಮ ಗಂಟಲಿನದ್ದು ಅಂಟುವ ರೋಗ ಅಂತೆ, ಹೌದಾ?"

ಅವಳು ಜಗಳಕ್ಕೆ ಬಂದವಳಲ್ಲ. ಕೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ಅಂಟುವುದಿಲ್ಲ ಎಂದು ತಲೆಯಲ್ಲಾಡಿಸಿದೆ. ಒಂದು ಮಗು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ ನಾನು ಕಾರ್ಕಳದಲ್ಲಿ ಮಂಡಕ್ಕಿ ತಿನ್ನುತ್ತ ನನ್ನ ಕ್ಲಾಸಿನ ಶಿಸ್ತನ್ನು ಹೊಗಳಿಕೊಳ್ಳುತ್ತಿದ್ದೆ.

ಸುದ್ದಿ ಬೇಗ ಹಬ್ಬಿತು. ಆ ವಾರ ಕ್ಲಾಸಿನ ಅರ್ಧದಷ್ಟು ಮಕ್ಕಳು ಬರಲಿಲ್ಲ. ಸಂಚಾಲಕರು ಉಡುಪಿಯಿಂದ ಹೇಳಿಕಳುಹಿಸಿದರು: ಟೀಚರನ್ನು ಬಿಡಿಸುವ ಪ್ರಶ್ನೆಯಿಲ್ಲ, ಆದರೆ ಮಣಿಪಾಲದ ಡಾಕ್ಟರು ಮಗುವನ್ನು ಒಮ್ಮೆ ನೋಡಿ ಹೇಳಲಿ, ಊರವರ ಬಾಯಿ ಮುಚ್ಚಬೇಕಲ್ಲ. ಮಕ್ಕಳು ಹೀಗೆಯೇ ಬಾರದೆ ಹೋದರೆ ಒಂದನೇ ಕ್ಲಾಸೇ ಇರುವುದಿಲ್ಲ, ಕ್ಲಾಸಿಲ್ಲದೆ ನನ್ನ ಹುದ್ದೆ ಇರುವುದಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹೆಡ್‌ಮಾಸ್ಟ್ರು ಮಾತ್ರ ಹಿಂದಿಗಿಂತ ಹೆಚ್ಚು ಪ್ರೀತಿಯಿಂದ, "ನೀವು ಧೈರ್ಯದಲ್ಲಿರಿ ಟೀಚರೇ, ನಾವೆಲ್ಲ ಇದ್ದೇವೆ," ಎಂದರು. ಅವರು ಇದ್ದಾರೆ ಎಂಬುದೇ ನನ್ನನ್ನು ಸುಡುತ್ತಿತ್ತು.

ಹಾಗೆ ನಾವು ಮೂವರು, ತಾಯಿ, ಮಗಳು, ನಾನು, ಒಂದು ಬೆಳಿಗ್ಗೆ ಮಣಿಪಾಲಕ್ಕೆ ಹೋದೆವು. ತಾಯಿ ಆ ದಿನದ ವ್ಯಾಪಾರ ಬಿಟ್ಟು ಬಂದಿದ್ದಳು. ಮಗಳಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿ, ಅದಕ್ಕೆ ಶಂಕರಪುರ ಮಲ್ಲಿಗೆಯ ಒಂದು ತುಂಡು ಸಿಕ್ಕಿಸಿದ್ದಳು. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಹುಡುಗಿ ನನಗೂ ಅಮ್ಮನಿಗೂ ನಡುವೆ ಕೂತಿದ್ದಳು. ಅವಳಿಗೆ ಏನಾದರೂ ಆಗಿದ್ದರೆ ಎಂದು ನನಗೆ ಹೆದರಿಕೆಯಿತ್ತು. ಆಗಿರದಿದ್ದರೆ ಅದು ಇನ್ನೂ ಕೆಟ್ಟದ್ದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಹುಡುಗಿಯ ಗಂಟಲು ನೋಡಿದರು. ಅವಳು ಎಷ್ಟು ಜೋರಾಗಿ "ಅಪ್ಪೇ!" ಎಂದು ತುಳುವಿನಲ್ಲಿ ತಾಯಿಯನ್ನು ಕೂಗಿದಳೆಂದರೆ ಹೊರಗಿನ ನರ್ಸು ಬಾಗಿಲು ತೆರೆದು ನೋಡಿದಳು.

"ಗಂಟಲಿಗೆ ಎಂತದೂ ಆಗಲಿಲ್ಲ," ಎಂದು ಡಾಕ್ಟರು ಕನ್ನಡಿಯನ್ನು ಹಣೆಯ ಮೇಲಕ್ಕೆ ಸರಿಸಿದರು. "ಇಷ್ಟು ಒಳ್ಳೆ ಸ್ವರ ಉಂಟಲ್ಲ."

ಮತ್ತೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಕನ್ನಡದಲ್ಲಿ ಕೇಳಿದರು, "ನಿನ್ನ ಊರು ಯಾವುದು ಮಗಾ?"

ಹುಡುಗಿ ನನ್ನ ಕಡೆ ನೋಡಿದಳು. ತುಟಿ ಅಲ್ಲಾಡಿತು. ಕೇಳಿಸಲಿಲ್ಲ.

ಡಾಕ್ಟರು ತುಳುವಿಗೆ ತಿರುಗಿದರು. ಅವರೂ ಈ ಕಡೆಯವರೇ. ಕಾಪುವಿನಲ್ಲಿ ಮೀನು ಎಂಥದ್ದು ಸಿಕ್ಕಿತು, ಮನೆಯಲ್ಲಿ ಬೆಕ್ಕುಂಟಾ ಎಂದೆಲ್ಲ ವಿಚಾರಿಸಿದರು. ಹುಡುಗಿ ಖಣಖಣನೆ ಉತ್ತರ ಕೊಟ್ಟಳು. ಬಂಗುಡೆ ಸಿಕ್ಕಿದೆ, ಬೆಕ್ಕು ಮರಿ ಹಾಕಿದೆ. ಆಗ ಅವರು ಅದೇ ತುಳುವಿನಲ್ಲಿ ಮೆಲ್ಲಗೆ ಕೇಳಿದರು, "ಕನ್ನಡ ಯಾಕೆ ಹೀಗೆ ಗಟ್ಟಿಯಾಗಿ ಮಾತಾಡುವುದಿಲ್ಲ ನೀನು?"

"ಗಟ್ಟಿ ಮಾತಾಡಿದ್ರೆ ಟೀಚರಿಗೆ ನೆತ್ತರು ಬರ್ತದೆ."

"ಯಾರು ಹೇಳಿದ್ದು?"

"ಹೆಡ್‌ಮಾಸ್ಟ್ರು."

"ಅದು ಕ್ಲಾಸಿನಲ್ಲಿ ಅಲ್ವಾ? ಟೀಚರು ಹತ್ತಿರ ಇಲ್ಲದಾಗ ಮಾತಾಡಬಹುದಲ್ಲ?"

ಹುಡುಗಿ ಇಲ್ಲವೆಂದು ತಲೆಯಲ್ಲಾಡಿಸಿದಳು. "ಎಲ್ಲಿದ್ರೂ ಬರ್ತದೆ."

"ಪೊಲೀಸರು ಕೇಳಿದಾಗ?"

"ಆವತ್ತು ಟೀಚರು ಕಾರ್ಕಳಕ್ಕೆ ಹೋಗಿದ್ರು," ಎಂದಳು. ಅಷ್ಟು ಹೇಳಿ ಸ್ವಲ್ಪ ತಡೆದು, ಡಾಕ್ಟರಿಗೆ ಅರ್ಥವಾಗಲಿಲ್ಲವೇನೋ ಎಂಬ ಹಾಗೆ ಸೇರಿಸಿದಳು, "ಅಲ್ಲಿ ನೆತ್ತರು ಬಂದ್ರೆ ನೋಡ್ಲಿಕ್ಕೆ ಡಾಕ್ಟ್ರು ಇಲ್ಲ."

ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಆ ಮಲ್ಲಿಗೆ ತುಂಡನ್ನು ನೋಡುತ್ತ ಕೂತೆ. ಆರು ವರ್ಷದ ಮಗು. ತಾಯಿ ಕಳೆದುಹೋಗಿದ್ದಾಳೆ, ಗುರುತಿಲ್ಲದ ಪೊಲೀಸ್ ಕೈ ಹಿಡಿದಿದ್ದಾನೆ, ಕಾಪು ಎಂದು ಒಂದು ಮಾತು ಗಟ್ಟಿಯಾಗಿ ಹೇಳಿದರೆ ಮನೆ ಸೇರುತ್ತಾಳೆ. ಹೇಳಲಿಲ್ಲ, ಕಾರ್ಕಳದಲ್ಲಿ ನನ್ನ ಗಂಟಲು ಹರಿಯುತ್ತದೆಂದು. ನನಗಾಗಿ ಕ್ಲಾಸು ಹೊತ್ತವರು, ಹುದ್ದೆ ಉಳಿಸಿದವರು, ಕೋಣೆಗೆ ಸುಣ್ಣ ಬಳಿಸಿದವರು, ಅವರೆಲ್ಲ ದೊಡ್ಡವರು, ತಿಳಿದು ಮಾಡಿದವರು. ಈ ಮಗುವಿನ ಹತ್ತಿರ ಯಾರು ಕೇಳಿದ್ದರು? ನಾಚಿಕೆ ಎಂದರೆ ಸಾಲದು. ನನ್ನ ಸ್ವರ ಪೂರ್ತಿ ಹೋಗಿಬಿಟ್ಟಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಡಾಕ್ಟರು ನನ್ನನ್ನು ಕುರ್ಚಿಗೆ ಕರೆದರು. ಸ್ಪಿರಿಟ್ ದೀಪದ ಮೇಲೆ ಪುಟ್ಟ ಕನ್ನಡಿಯನ್ನು ಬೆಚ್ಚಗೆ ಮಾಡಿ, ಹುಡುಗಿಯನ್ನು ಸ್ಟೂಲಿನ ಮೇಲೆ ತಮ್ಮ ಪಕ್ಕ ನಿಲ್ಲಿಸಿಕೊಂಡು, ನನ್ನ ಬಾಯೊಳಗೆ ಬೆಳಕು ಬಿಟ್ಟರು. "ನೋಡು ಮಗಾ. ನೆತ್ತರು ಉಂಟಾ?"

ಹುಡುಗಿ ಬಗ್ಗಿ ನೋಡಿದವಳು ಹಿಂದೆ ಸರಿದಳು. "ಉಂಟು. ಕೆಂಪಾಗಿ ಉಂಟು."

ಹೌದಲ್ಲ, ಗಂಟಲು ಎಂದರೆ ಕೆಂಪಗೇ ಇರುತ್ತದೆ. ಡಾಕ್ಟರು ಅದನ್ನು ಯೋಚಿಸಿರಲಿಲ್ಲ. ತಾಯಿಯನ್ನು ಕೂರಿಸಿ ಅವಳ ಗಂಟಲು ತೋರಿಸಿದರು. ಕೆಂಪು. ನರ್ಸನ್ನು ಕರೆದು ಬಾಯಿ ತೆರೆಯಲು ಹೇಳಿದರು. ಕೆಂಪು. ಕೊನೆಗೆ ಹುಡುಗಿಯ ಕೈಗೇ ಒಂದು ಕನ್ನಡಿ ಕೊಟ್ಟು ಅವಳ ಗಂಟಲನ್ನು ಅವಳಿಗೇ ತೋರಿಸಿದರು. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು. ಅವರು ಗಡಿಯಾರ ನೋಡಲಿಲ್ಲ. ಎಲ್ಲರದ್ದೂ ಒಂದೇ ಬಣ್ಣ, ಅದು ನೆತ್ತರಲ್ಲ, ಚರ್ಮ ಎಂದು ಅವಳಿಗೆ ಮನದಟ್ಟಾದ ಮೇಲೆ ಮತ್ತೆ ನನ್ನ ಸರದಿ.

"ಈಗ ಒಂದು ಕನ್ನಡದ ಮಾತು ಹೇಳು, ಗಟ್ಟಿಯಾಗಿ. ಆಮೇಲೆ ನೋಡುವಾ."

ನಾಲಿಗೆ ಅವರ ಕೈಯಲ್ಲಿದ್ದುದರಿಂದ ನನಗೆ ಹೇಳು ಎನ್ನಲೂ ಆಗುತ್ತಿರಲಿಲ್ಲ. ಹುಡುಗಿ ನನ್ನ ಕೈಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು. "ಇದು ಮನೆ," ಎಂದಳು. ತುಸು ಕೇಳಿಸಿತು. ಬಗ್ಗಿ ನನ್ನ ಗಂಟಲು ನೋಡಿದಳು. ಮತ್ತೆ, "ಇದು ಮರ," ಎಂದಳು, ಇನ್ನಷ್ಟು ಗಟ್ಟಿಯಾಗಿ. ನೋಡಿದಳು. ಮೂರನೆಯ ಸಲ ಹೇಳಿದ್ದು ಹೊರಗಿನ ಬೆಂಚಿಗೂ ಕೇಳಿಸಿರಬೇಕು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾಲಿಗೆ ಎಳೆದದ್ದಕ್ಕೆ ಎಂದು ಡಾಕ್ಟರು ತಿಳಿದುಕೊಂಡಿದ್ದರೆ ನನ್ನ ಪುಣ್ಯ.

ಏನೂ ರೋಗವಿಲ್ಲವೆಂದು ಸಂಚಾಲಕರಿಗೆ ಬರೆದುಕೊಟ್ಟರು. ಹೊರಡುವಾಗ ನನ್ನನ್ನು ಒಂದು ನಿಮಿಷ ನಿಲ್ಲಿಸಿಕೊಂಡರು. "ಟೀಚರೇ, ನಿಮಗೆ ಏನು ಮಾಡಬಾರದು ಅಂತ ನಾನು ಹೇಳಿದೆ. ಮಕ್ಕಳಿಗೆ ಅದನ್ನು ಹೇಗೆ ಹೇಳಬೇಕು ಅಂತ ಹೇಳಲಿಲ್ಲ. ಅದು ನನ್ನದೇ ತಪ್ಪು." ನೋಡಿ, ಅಲ್ಲಿಯೂ ಬೈಗುಳ ಸಿಗಲಿಲ್ಲ. ಅವರೂ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು.

ಶಾಲೆಯಲ್ಲಿ ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೆಡ್‌ಮಾಸ್ಟ್ರಿಗೆ ವಿಷಯ ತಿಳಿದಾಗ ಅವರು ತಲೆಗೆ ಕೈಹೊತ್ತು ಕೂತರು. ಮರುದಿನದಿಂದ ದಿನಾ ಬೆಳಿಗ್ಗೆ ನನ್ನ ಕ್ಲಾಸಿಗೆ ಬಂದು ತಾವೇ ಗಂಟಲು ಬಿರಿಯುವ ಹಾಗೆ ಕನ್ನಡ ಪದ್ಯ ಹೇಳಿಸತೊಡಗಿದರು. ಮಕ್ಕಳು ಒಂದೊಂದಾಗಿ ಹಿಂದೆ ಬಂದವು. ನನ್ನ ಹುದ್ದೆ ಉಳಿಯಿತು, ವರ್ಷ ಕಳೆದು ಸ್ವರವೂ ಬಂತು, ಮೊದಲಿನಷ್ಟು ದೊಡ್ಡದಲ್ಲ. ಆದರೆ ಆ ಮಕ್ಕಳು ನಾಲ್ಕನೆಯದಕ್ಕೆ ಹೋದ ಮೇಲೂ ಕನ್ನಡದಲ್ಲಿ ಬಾಯಿ ತೆರೆಯುವ ಮೊದಲು ಅರೆಕ್ಷಣ ತಡೆಯುತ್ತಿದ್ದವು. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು.

ಆ ದಿನ ಮಣಿಪಾಲದಿಂದ ಇಳಿದು ಉಡುಪಿಯಲ್ಲಿ ಕಾಪುವಿನ ಬಸ್ಸು ಹತ್ತಿದೆವು, ಅವಳು ಕಳೆದುಹೋಗಿದ್ದ ಅದೇ ಬಸ್‌ಸ್ಟ್ಯಾಂಡಿನಲ್ಲಿ. ತಾಯಿ ಮಗಳ ಜಡೆಯನ್ನೇ ಹಿಡಿದುಕೊಂಡಿದ್ದಳು. ಸೀಟು ಸಿಕ್ಕಿತು, ಹುಡುಗಿಯನ್ನು ನಡುವೆ ಕೂರಿಸಿಕೊಂಡೆವು. ಬಸ್ಸು ಹೊರಟಿತು, ಎಂಜಿನ್ನಿನ ಸದ್ದಿಗೆ ಕಿವಿ ಕೇಳದಂತಾಯಿತು. ನಮ್ಮ ಕಡೆ ಕಂಡಕ್ಟರುಗಳು ಮೀನಿನ ಹೆಂಗಸರ ಹತ್ತಿರ ತುಳುವಿನಲ್ಲಿ ಮಾತಾಡುತ್ತಾರೆ, ಇಸ್ತ್ರಿ ಸೀರೆಯ ಟೀಚರುಗಳ ಹತ್ತಿರ ಕನ್ನಡದಲ್ಲಿ. ಈ ಬಸ್ಸಿನ ಕಂಡಕ್ಟರ್ ನನ್ನ ಕಡೆ ಬಗ್ಗಿ ಕನ್ನಡದಲ್ಲಿ, "ಎಲ್ಲಿಗೆ?" ಎಂದ.

ಆ ಸದ್ದಿನಲ್ಲಿ ಅವನಿಗೆ ಕೇಳಿಸಬೇಕಾದರೆ ನಾನು ಕೂಗಬೇಕಿತ್ತು. ಚೀಟಿ ಬರೆಯಲೆಂದು ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ನನ್ನ ಪಕ್ಕದಿಂದ ಹುಡುಗಿ ಎದ್ದು ನಿಂತಳು.

"ಕಾಪುಗೆ. ಮೂರು ಜನ," ಎಂದಳು, ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಹಾಗೆ, ಚೊಕ್ಕ ಕನ್ನಡದಲ್ಲಿ. "ಟೀಚರು ಗಟ್ಟಿ ಮಾತಾಡ್ಲಿಕ್ಕೆ ಇಲ್ಲ."

ಜನ ತಿರುಗಿ ನೋಡಿದರು. ಕಂಡಕ್ಟರ್ ನಕ್ಕು ಟಿಕೆಟು ಹರಿದುಕೊಟ್ಟ. ಹುಡುಗಿ ಕೂರಲಿಲ್ಲ. ನನ್ನ ಕಡೆ ತಿರುಗಿ, ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಮುಖದಲ್ಲಿ ನಗು ಇರಲಿಲ್ಲ. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆಂದು ನನಗೆ ತಿಳಿಯಿತು.

ನಾನು ಅಷ್ಟು ಜನರ ಎದುರು ಬಾಯಿ ಅಗಲ ತೆರೆದು ತೋರಿಸಿದೆ. ಅವಳು ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ಸಾವಕಾಶವಾಗಿ ಒಳಗೆಲ್ಲ ನೋಡಿದಳು. ನೋಡಿ, "ಇಜ್ಜಿ," ಎಂದಳು ತುಳುವಿನಲ್ಲಿ, ಇಲ್ಲ ಎಂದು. ಆಮೇಲೆ ಕೂತಳು. ಕಾಪು ಮುಟ್ಟುವವರೆಗೆ ಅವಳು ಎಷ್ಟು ಸಲ ಕನ್ನಡ ಮಾತಾಡಿದಳೋ ಅಷ್ಟು ಸಲ ನಾನು ಬಾಯಿ ತೆರೆದೆ.